ಲಿಬರಲ್ ಆರ್ಟ್ಸ್ ಯೂನಿವರ್ಸಿಟಿಯಲ್ಲಿ ಅಕೌಂಟಿಂಗ್–ಫೈನಾನ್ಸ್ ಓದಿದರೆ ಮುಂದೆ ಸಿಎಗೆ ತೊಡಕಾಗುತ್ತಾ?

ಗಂಗಾವತಿ_ಕಡೆಯವ:
ತಂಗಿದು ದ್ವಿತೀಯ ಪಿಯುಸಿ ಮುಗೀತು, ಎಚ್‌ಇಬಿಎ (ಇತಿಹಾಸ, ಅರ್ಥಶಾಸ್ತ್ರ, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ). ಬಳ್ಳಾರಿಯಲ್ಲಿ ಬಿಕಾಂ ಅಂತಿದ್ವಿ. ಈಗ ಬೇರೆ ರಾಜ್ಯದ ಖಾಸಗಿ ಲಿಬರಲ್ ಆರ್ಟ್ಸ್ ವಿವಿಯಲ್ಲಿ ಸೀಟು ಸಿಗೋ ಹಾಗಿದೆ. ಮೇಜರ್ ಅಕೌಂಟಿಂಗ್ ಅಂಡ್ ಫೈನಾನ್ಸ್, ಪದವಿ ಮಾತ್ರ ಬಿಎ. ಮೂರು ವರ್ಷ, ವರ್ಷಕ್ಕೆ 4 ಲಕ್ಷ ಸಾಲ ಬೇಕು. ಸಿಎ ಕೋರ್ಸಿನ ಎರಡನೇ ಹಂತ ಇಂಟರ್‌ಗೆ ನೇರ ಸೇರಬಹುದಾ? ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡೋ 371(ಜೆ) ಸರ್ಟಿಫಿಕೇಟ್ ಅಲ್ಲಿ ನಡೆಯುತ್ತಾ?

ಖಾತೆಪುಸ್ತಕ:
ಸೇರಬಹುದು. ಪದವಿ ಆದವರಿಗೆ ಮೊದಲ ಹಂತದ ಪರೀಕ್ಷೆ ಫೌಂಡೇಶನ್ ಬೇಕಿಲ್ಲ. ಆದರೆ ಕಾಮರ್ಸ್ ಪದವೀಧರರಿಗೆ 55%, ಉಳಿದವರಿಗೆ 60% ಬೇಕು. 55ರ ಸಾಲಿನಲ್ಲಿ ನಿಲ್ಲಬೇಕಾದರೆ ಕಾಮರ್ಸ್ ಪದವಿ ಇದ್ದು, ಅಕೌಂಟಿಂಗ್, ಆಡಿಟಿಂಗ್, ಕಾನೂನು, ತೆರಿಗೆ, ಕಾಸ್ಟಿಂಗ್ ತರಹದ್ದರಲ್ಲಿ 100 ಅಂಕದ ಮೂರು ಪೇಪರ್ ಆಗಿರಬೇಕು. ಬಿಎ ಅಂದಮೇಲೆ 60ನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಎಡವೋದು ಸಿಜಿಪಿಎಯಲ್ಲಿ, ಅಂದರೆ ಎಲ್ಲ ಸೆಮಿಸ್ಟರಿನ ಗ್ರೇಡ್ ಸರಾಸರಿಯಲ್ಲಿ. ಕೆಲವು ವಿವಿ ನೇರವಾಗಿ 10ರಿಂದ ಗುಣಿಸುತ್ತವೆ, ಕೆಲವು 0.75 ಕಳೆದು ಗುಣಿಸುತ್ತವೆ. 6.5 ಬಂದರೆ ಮೊದಲನೆಯದರಲ್ಲಿ 65%, ಎರಡನೆಯದರಲ್ಲಿ 57.5%. ಎರಡನೇ ಕಡೆ ಓದಿದವರಿಗೆ ನೇರ ಪ್ರವೇಶ ತಪ್ಪಿತು. ನಾಲ್ಕರ ಸ್ಕೇಲ್ ಇದ್ದರೆ ಇನ್ನೂ ಗೋಜಲು. ಶೇಕಡಾಕ್ಕೆ ಬದಲಿಸೋ ಸೂತ್ರ ಏನು ಅಂತ ಅಡ್ಮಿಷನ್‌ಗೆ ಮುಂಚೆಯೇ ಇಮೇಲ್‌ನಲ್ಲಿ ಕೇಳಿ, ಉತ್ತರ ಜೋಪಾನವಾಗಿ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಆಮೇಲೆ ಪೇಪರ್ ಪಟ್ಟಿ. ಮೂರು ವರ್ಷದ ಪದವಿ ಅಂದರೆ ಸುಮಾರು 120 ಕ್ರೆಡಿಟ್. ಇಂಥ ಕಡೆ ದೊಡ್ಡ ಪಾಲು ಬರವಣಿಗೆ, ತತ್ವಶಾಸ್ತ್ರ, ವಿಜ್ಞಾನ ಅಂತ ಎಲ್ಲರಿಗೂ ಇರೋ ಕೋರ್ಸುಗಳಿಗೆ ಹೋಗುತ್ತೆ. ಫೈನಾನ್ಷಿಯಲ್ ಅಕೌಂಟಿಂಗ್, ಕಾರ್ಪೊರೇಟ್ ಫೈನಾನ್ಸ್ ಸಿಗುತ್ತೆ. ಆದಾಯ ತೆರಿಗೆ, ಜಿಎಸ್‌ಟಿ, ಕಂಪನಿ ಕಾನೂನು, ಆಡಿಟಿಂಗ್ ಇದೆಯಾ ನೋಡಿ. ಸಿಎ ಇಂಟರ್‌ನ ಆರು ಪೇಪರಿನಲ್ಲಿ ಮೂರು ಇವೇ. ಇಲ್ಲದಿದ್ದರೆ ಫೌಂಡೇಶನ್ನಿನ ಅಡಿಪಾಯವೂ ಇಲ್ಲದೆ ಮೂರನ್ನೂ ಸೊನ್ನೆಯಿಂದ ಶುರು ಮಾಡಬೇಕಾಗುತ್ತೆ.

ಎಡದಂಡೆ_ಕಾಲುವೆ:
371(ಜೆ) ಹೊರರಾಜ್ಯದಲ್ಲಿ ನಡೆಯೋದಿಲ್ಲ. ಆದರೂ ಎಸಿ (ಅಸಿಸ್ಟೆಂಟ್ ಕಮಿಷನರ್) ಕಚೇರಿಯಿಂದ ಮಾಡಿಸಿಡಿ, ನಾಳೆ ಇಲ್ಲಿನ ಸರ್ಕಾರಿ ನೌಕರಿಗೆ ಬೇಕಾಗುತ್ತೆ.

ಬಡ್ಡಿಲೆಕ್ಕ:
ಸಾಲದ ಲೆಕ್ಕ ನೋಡಿಬಿಡ್ರಿ. ಬಡ್ಡಿ 10% ಅಂತ ಇಟ್ಟುಕೊಳ್ಳಿ. ಮೊದಲ ಕಂತಿನ 4 ಲಕ್ಷಕ್ಕೆ ಕೋರ್ಸು ಮತ್ತು ನಂತರ ಕಂತು ಕಟ್ಟಬೇಕಿಲ್ಲದ ಒಂದು ವರ್ಷದ ವಿನಾಯಿತಿ ಸೇರಿ ನಾಲ್ಕು ವರ್ಷದ ಸರಳ ಬಡ್ಡಿ 1.6 ಲಕ್ಷ, ಎರಡನೆಯದಕ್ಕೆ 1.2, ಮೂರನೆಯದಕ್ಕೆ 0.8. ಬ್ಯಾಂಕಿನಲ್ಲಿ ತಗೊಂಡಿದ್ದು 12 ಲಕ್ಷ, ಕಂತು ಶುರುವಾಗುವಾಗ ಬಾಕಿ 15.6 ಲಕ್ಷ. 10 ವರ್ಷಕ್ಕೆ ತಿಂಗಳಿಗೆ ಹತ್ತಿರ ಹತ್ತಿರ 20,600 ರೂಪಾಯಿ. ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ ಕಂತು 15,860ಕ್ಕೆ ಇಳಿಯುತ್ತೆ.

ಅದೇ ಹೊತ್ತಿಗೆ ಸಿಎಗೆ ಹೋದರೆ? ಇಂಟರ್‌ನ ಎರಡೂ ಗ್ರೂಪ್ ಪಾಸಾದ ಮೇಲೆ ಎರಡು ವರ್ಷ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ತರಬೇತಿ. ಅದರ ಸ್ಟೈಪೆಂಡ್‌ನಲ್ಲಿ ಈ ಕಂತು ಏಳೋದಿಲ್ಲ. ಸಿಎನೇ ಗುರಿ ಆಗಿದ್ದರೆ ಬಳ್ಳಾರಿಯಲ್ಲಿ ಬಿಕಾಂಗೆ ಹಾಕಿ ಜೊತೆಗೇ ಫೌಂಡೇಶನ್ ಬರೆಸೋದು ಲೇಸು. ಅನಾಲಿಸ್ಟ್ ಕೆಲಸ, ಹೊರದೇಶದ ಸ್ನಾತಕೋತ್ತರ ಅಂತ ಯೋಚನೆ ಇದ್ದರೆ ಮಾತ್ರ ಆ ದುಡ್ಡಿಗೆ ಅರ್ಥ.

ಖಾತೆಪುಸ್ತಕ:
ಒಪ್ಪಿದೆ. ಆದರೆ ಅಲ್ಲಿ ಪಾಠ ಹೇಳೋ ರೀತಿ ನಿಜಕ್ಕೂ ಬೇರೆ. ನಿಮ್ಮೂರಿನ ರೈಸ್ ಮಿಲ್ಲನ್ನೇ ತಗೊಳ್ಳಿ. ಕ್ವಿಂಟಲ್ ಭತ್ತಕ್ಕೆ 2,300, ಮಿಲ್ಲಿಂಗ್ ಖರ್ಚು 120, ಬಂದ ಅಕ್ಕಿ 67 ಕೆಜಿ, ತೌಡು–ಹೊಟ್ಟು ಮಾರಿದ್ದು 230 ಅನ್ನಿ. ಆ 230ನ್ನು ವೆಚ್ಚದಿಂದ ಕಳೆದರೆ ಅಕ್ಕಿ ಕೆಜಿಗೆ 32.69. ಇತರೆ ಆದಾಯಕ್ಕೆ ಹಾಕಿದರೆ 36.12. ಉಪಉತ್ಪನ್ನದ ನಿವ್ವಳ ಬೆಲೆಯನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯಬೇಕು ಅನ್ನುತ್ತೆ ಸ್ಟಾಕಿನ ಬೆಲೆ ಕಟ್ಟೋ ಅಕೌಂಟಿಂಗ್ ಸ್ಟ್ಯಾಂಡರ್ಡ್ ಎಎಸ್ 2. ಬಿಕಾಂನಲ್ಲಿ ಸಾಮಾನ್ಯವಾಗಿ ಇಷ್ಟಕ್ಕೆ ಲೆಕ್ಕ ಮುಗೀತು. ಒಳ್ಳೆ ಲಿಬರಲ್ ಆರ್ಟ್ಸ್ ಕ್ಲಾಸಿನಲ್ಲಿ ಮುಂದಿನ ಪ್ರಶ್ನೆ ಬರುತ್ತೆ: ಮಾರ್ಚ್ 31ಕ್ಕೆ ಗೋದಾಮಿನಲ್ಲಿ ಸ್ಟಾಕ್ ಇದ್ದಾಗ ಎರಡನೇ ರೀತಿಯಲ್ಲಿ ಲಾಭ ಉಬ್ಬುತ್ತೆ, ಅದು ಯಾರಿಗೆ ಬೇಕು, ಸಾಲ ಕೊಟ್ಟ ಬ್ಯಾಂಕ್ ಹೇಗೆ ಹಿಡಿಯುತ್ತೆ? ಉತ್ತರ ಎರಡು ಪುಟ ಬರೆಯಬೇಕು.

ಗಂಗಾವತಿ_ಕಡೆಯವ:
ಧನ್ಯವಾದ ಸರ್. ಎಚ್‌ಇಬಿಎದಿಂದ ಹೋದರೆ ಗಣಿತ ಕಷ್ಟ ಆಗುತ್ತಾ?

ಬಡ್ಡಿಲೆಕ್ಕ:
ಆಗುತ್ತೆ. ಫೈನಾನ್ಸ್ ಅಂದಮೇಲೆ ಸ್ಟಾಟಿಸ್ಟಿಕ್ಸ್ ಬೇಗನೇ ಬರುತ್ತೆ. ಲಾಗರಿದಮ್, ಸಂಭವನೀಯತೆ, ಸ್ಟ್ಯಾಂಡರ್ಡ್ ಡೀವಿಯೇಷನ್, ರಿಗ್ರೆಷನ್ ಇಷ್ಟನ್ನ ರಜೆಯಲ್ಲಿ ಪಿಯುಸಿ ಸ್ಟಾಟಿಸ್ಟಿಕ್ಸ್ ಪುಸ್ತಕ, ಎಕ್ಸೆಲ್ ಎರಡನ್ನೂ ಇಟ್ಟುಕೊಂಡು ಕಲಿಯಲಿ.