ಮಗಳನ್ನು ಫ್ಯಾಷನ್–ಇಂಟೀರಿಯರ್ ಡಿಸೈನ್ ಕೋರ್ಸಿಗೆ ಸೇರಿಸಬಹುದಾ? ಓದಿದವರು, ಕೆಲಸ ಮಾಡುತ್ತಿರುವವರು ಅನುಭವ ಹೇಳಿ

ಕೇಳುತ್ತಿರುವವರು: ಶಿರಸಿಯ ಒಬ್ಬ ತಾಯಿ

ಮಗಳು ಈ ವರ್ಷ ಕಾಮರ್ಸ್‌ನಲ್ಲಿ ಪಿಯುಸಿ ಮುಗಿಸಿದಳು. ಚಿತ್ರ ಚೆನ್ನಾಗಿ ಬಿಡಿಸುತ್ತಾಳೆ. ತನ್ನ ಚೂಡಿದಾರ ತಾನೇ ಬಿಚ್ಚಿ ಸರಿಮಾಡಿ ಹೊಲಿದುಕೊಳ್ಳುತ್ತಾಳೆ. ಹುಬ್ಬಳ್ಳಿಯ ಒಂದು ಕರಿಯರ್ ಕಾಲೇಜಿನವರು ಫ್ಯಾಷನ್, ಇಂಟೀರಿಯರ್ ಎರಡೂ ಸೇರಿದ ಒಂದು ವರ್ಷದ ಡಿಪ್ಲೊಮಾ ಇದೆ, ಕೆಲಸ ಗ್ಯಾರಂಟಿ ಅನ್ನುತ್ತಿದ್ದಾರೆ. ಫೀಸು ಒಂದೂವರೆ ಲಕ್ಷದ ಮೇಲೆ, ಹಾಸ್ಟೆಲ್ ಬೇರೆ. ಈ ವಾರವೇ ಅಡ್ವಾನ್ಸ್ ಕಟ್ಟಿ ಸೀಟು ಹಿಡಿದುಕೊಳ್ಳಿ ಅಂತ ದಿನಾ ಫೋನ್. ನಮ್ಮ ಮನೆಯವರಿಗೆ ಅವಳು ಬಿಕಾಂ ಮಾಡಲಿ ಅಂತ ಆಸೆ. ಮಗಳು ಒಪ್ಪುತ್ತಿಲ್ಲ. ಈ ಓದಿಗೆ ಬೆಲೆ ಇದೆಯಾ? ಓದಿ ಬಂದರೆ ನಮ್ಮ ಕಡೆ ಕೆಲಸ ಸಿಗುತ್ತಾ?

ಕುಮಟಾ, ಬೊಟಿಕ್ ನಡೆಸುತ್ತೇನೆ

ಅಕ್ಕಾ, ಅಡ್ವಾನ್ಸ್ ಸದ್ಯಕ್ಕೆ ಬೇಡ. ಫೋನ್ ಮಾಡಿ ಅವಸರ ಮಾಡುವವರಿಗೆ ಒಂದೇ ಮಾತು ಹೇಳಿ: "ಹೋದ ವರ್ಷ ಓದಿದ ಮಕ್ಕಳು ಹೊಲಿದ ಬಟ್ಟೆ ತೋರಿಸಿ." ಫೋಟೋ ಅಲ್ಲ, ಬಟ್ಟೆ. ಅದನ್ನು ಕೈಯಲ್ಲಿ ಹಿಡಿದು ಒಳಮಗ್ಗುಲು ತಿರುಗಿಸಿ ನೋಡಿ. ಸೀಮ್ ಸಪಾಟಾಗಿ ಕೂತಿದೆಯಾ, ಲೈನಿಂಗ್ ಎಳೆದುಕೊಂಡಿದೆಯಾ, ಕುತ್ತಿಗೆಯ ಕ್ರಾಸ್ ಪಟ್ಟಿ ಮುದುಡಿದೆಯಾ. ಹೊರಗಿನ ಚಂದ ಯಾರಾದರೂ ಮಾಡುತ್ತಾರೆ. ಕಲಿಸಿದ್ದು ಗೊತ್ತಾಗುವುದು ಒಳಗೆ.

ನಾನು ಐಟಿಐನಲ್ಲಿ ಹೊಲಿಗೆ ಕಲಿತು, ಆಮೇಲೆ ಬೆಂಗಳೂರಲ್ಲಿ ಫ್ಯಾಷನ್ ಡಿಪ್ಲೊಮಾ ಮಾಡಿದವಳು. ಈಗ ಅಂಗಡಿಗೆ ಡಿಪ್ಲೊಮಾ ಮುಗಿಸಿದ ಹುಡುಗಿಯರು ಕೆಲಸ ಕೇಳಿಕೊಂಡು ಬರುತ್ತಾರೆ. ಸ್ಕೆಚ್ ಬುಕ್ ನೋಡಿದರೆ ಕಣ್ಣು ತಣಿಯುತ್ತದೆ. ಒಂದು ಪ್ರಿನ್ಸೆಸ್ ಕಟ್ ಬ್ಲೌಸ್ ಕತ್ತರಿಸು ಅಂತ ಕೊಟ್ಟರೆ ಹೆಚ್ಚಿನವರು ತಡವರಿಸುತ್ತಾರೆ. ಅಳತೆ ತೆಗೆದು, ಬ್ರೌನ್ ಪೇಪರ್ ಮೇಲೆ ಪ್ಯಾಟರ್ನ್ ಬರೆದು, ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು ಮೈಮೇಲೆ ಹಾಕಿ ನೋಡಬೇಕು. ಆರ್ಮ್‌ಹೋಲ್ ಅರ್ಧ ಇಂಚು ತಪ್ಪಿದರೂ ಕೈ ಎತ್ತಿದಾಗ ಇಡೀ ಬ್ಲೌಸ್ ಮೇಲೆ ಬರುತ್ತದೆ. ಕಾಟನ್ ಲೈನಿಂಗನ್ನು ನೀರಲ್ಲಿ ನೆನೆಸಿ ಒಣಗಿಸದೆ ಹೊಲಿದರೆ ಮೊದಲ ಒಗೆತಕ್ಕೇ ಕುಗ್ಗಿ ರೇಷ್ಮೆಯನ್ನು ಸುಕ್ಕು ಮಾಡಿಬಿಡುತ್ತದೆ. ಬಟ್ಟೆಯ ಉದ್ದದ ಎಳೆ ಯಾವುದು, ಅಡ್ಡ ಎಳೆ ಯಾವುದು, ಯಾವುದನ್ನು ಓರೆಯಾಗಿ ಕತ್ತರಿಸಿದರೆ ಹೇಗೆ ಇಳಿಬೀಳುತ್ತದೆ, ಇದೆಲ್ಲ ಕೈಗೆ ಬರಬೇಕಾದರೆ ದಿನಾ ಮೆಷಿನ್ ಮುಂದೆ ಕೂರಬೇಕು. ವಾರಕ್ಕೆ ಎರಡು ಪ್ರಾಕ್ಟಿಕಲ್ ಸಾಲುವುದಿಲ್ಲ. ಒಂದು ಮೆಷಿನ್‌ಗೆ ಎಷ್ಟು ಮಕ್ಕಳು ಅಂತ ಖಂಡಿತ ಕೇಳಿ.

ಮಗಳು ಬಟ್ಟೆ ಬಿಚ್ಚಿ ಹೊಲಿಯುತ್ತಾಳೆ ಅಂದಿರಲ್ಲ, ಓದಿ ಖುಷಿಯಾಯಿತು. ಬಿಚ್ಚಿ ನೋಡುವ ಕುತೂಹಲ ಕಲಿಸಿ ಬರುವುದಲ್ಲ. ಹಣ ಕಟ್ಟುವ ಮೊದಲು ಅವಳನ್ನು ಆರ್‌ಸೆಟಿಗೆ ಕಳಿಸಿ ನೋಡಿ. ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆ ಅದು, ನಮ್ಮ ಜಿಲ್ಲೆಯಲ್ಲಿ ಹಳಿಯಾಳದಲ್ಲಿದೆ. ತರಬೇತಿ, ಊಟ, ವಸತಿ ಎಲ್ಲ ಉಚಿತ, 18 ವರ್ಷ ತುಂಬಿರಬೇಕು. ಟೇಲರಿಂಗ್ ಬ್ಯಾಚು ಇರುವಾಗ ಸೇರಿಸಿ. ಅಷ್ಟು ದಿನ ಬೆಳಗಿನಿಂದ ಸಂಜೆವರೆಗೆ ಹೊಲಿದ ಮೇಲೂ ಅವಳಿಗೆ ಬೇಸರ ಬರದಿದ್ದರೆ ಮುಂದಿನ ಮಾತು.

ಊರಲ್ಲಿ ಕೆಲಸ ಇದೆಯಾ ಅಂದಿರಿ. ಇದೆ. ತುಳಸಿ ಮದುವೆ ಆದ ಮೇಲೆ ಮೇ ಕೊನೆವರೆಗೆ ಮದುವೆ, ಉಪನಯನದ ಬ್ಲೌಸು, ಆರಿ ವರ್ಕು, ಕುಚ್ಚು ಅಂತ ರಾತ್ರಿ ಹತ್ತಾದರೂ ಲೈಟು ಆರುವುದಿಲ್ಲ. ಮಳೆಗಾಲ ಮಾತ್ರ ತಣ್ಣಗೆ. ಆ ನಾಲ್ಕು ತಿಂಗಳ ಬಾಡಿಗೆ, ಸಂಬಳ ಬೇಸಗೆಯಲ್ಲೇ ಎತ್ತಿಡಬೇಕು. ಇದನ್ನು ಯಾವ ಕಾಲೇಜಲ್ಲೂ ಹೇಳಿಕೊಡುವುದಿಲ್ಲ.

ಅಂಕೋಲಾ, ಇಂಥದೇ ಜೋಡಿ ಕೋರ್ಸ್ ಓದಿದವಳು

ಊರು, ಕಾಲೇಜಿನ ಹೆಸರು ಬೇಡ. ಮೊದಲರ್ಧ ಫ್ಯಾಷನ್, ಉಳಿದರ್ಧ ಇಂಟೀರಿಯರ್. ಕಲರ್ ವೀಲ್, ಸ್ಕೆಚಿಂಗ್, ಫೋಟೋಶಾಪ್ ಎರಡಕ್ಕೂ ಬೇಕು, ಅದಷ್ಟು ಚೆನ್ನಾಗಿ ಆಯಿತು. ಆಮೇಲೆ ಪ್ಯಾಟರ್ನ್ ಕೈಗೆ ಹತ್ತುವ ಹೊತ್ತಿಗೆ ಫ್ಯಾಷನ್ ಮುಗಿಯಿತು. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಆಟೋಕ್ಯಾಡ್‌ನಲ್ಲಿ ಗೋಡೆ ಎಳೆಯಲು ಬರುವ ಹೊತ್ತಿಗೆ ವರ್ಷವೇ ಮುಗಿಯಿತು. ಫೀಸಿನ ಮೇಲೆ ಬಟ್ಟೆ, ಪೇಪರ್, ಮಾಡೆಲ್ ಮಾಡುವ ಬೋರ್ಡು, ಕೊನೆಯ ಶೋಗೆ ಮಾಡೆಲ್‌ಗಳು, ಮೇಕಪ್ ಎಲ್ಲ ನಮ್ಮದೇ ಖರ್ಚು. "ಕೆಲಸ ಗ್ಯಾರಂಟಿ" ಅಂದದ್ದು ಕೊನೆಗೆ ಮಾಲ್‌ನ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸ. ಅದು ಕೀಳು ಕೆಲಸ ಅಂತಲ್ಲ. ಆದರೆ ಅದಕ್ಕೆ ಡಿಸೈನ್ ಡಿಪ್ಲೊಮಾ ಬೇಕಿರಲಿಲ್ಲ ಅಲ್ವಾ?

ಟೀಚರ್ ಒಬ್ಬರು ತುಂಬಾ ಒಳ್ಳೆಯವರಿದ್ದರು. ಬಟ್ಟೆ ಮುಟ್ಟಿ, ಎಳೆ ಸುಟ್ಟು ವಾಸನೆ ನೋಡಿ ಹತ್ತಿಯಾ, ರೇಷ್ಮೆಯಾ, ಪಾಲಿಯೆಸ್ಟರ್ರಾ ಹೇಳುವುದು ಅವರಿಂದ ಕಲಿತದ್ದು. ಹತ್ತಿ ಸುಟ್ಟರೆ ಕಾಗದದ ವಾಸನೆ, ರೇಷ್ಮೆ ಸುಟ್ಟರೆ ಕೂದಲಿನ ವಾಸನೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇವತ್ತಿಗೂ ಸೀರೆ ಕೊಳ್ಳುವಾಗ ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ಕಟ್ಟಡ ನೋಡಬೇಡಿ, ಪಾಠ ಮಾಡುವವರು ಯಾರು, ಅವರು ಎಲ್ಲಿ ಕೆಲಸ ಮಾಡಿದ್ದರು ಕೇಳಿ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಲಿ.

ಹೊನ್ನಾವರ, ಬ್ಯಾಂಕ್ ಉದ್ಯೋಗಿ

ಸಾಲದ ವಿಚಾರ ಮಾತ್ರ ಹೇಳುತ್ತೇನೆ. ಮಾನ್ಯತೆ ಇರುವ ಕೋರ್ಸಿಗೆ 4 ಲಕ್ಷದವರೆಗೆ ಜಾಮೀನು, ಆಸ್ತಿ ಅಡವು ಇಲ್ಲದೆ ಶಿಕ್ಷಣ ಸಾಲ ಸಿಗುತ್ತದೆ, ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಸಂಸ್ಥೆ ತಾನೇ ಮುದ್ರಿಸಿ ಕೊಡುವ ಸರ್ಟಿಫಿಕೇಟಿನ ಕೋರ್ಸಿಗೆ ಕಷ್ಟ. ಆಗ "ನಮ್ಮಲ್ಲೇ ಇಎಂಐ ಇದೆ" ಅನ್ನುತ್ತಾರೆ. ಅದು ಸಾಮಾನ್ಯವಾಗಿ ಫೈನಾನ್ಸ್ ಕಂಪನಿಯ ಪರ್ಸನಲ್ ಸಾಲ, ಓದು ಅರ್ಧಕ್ಕೆ ಬಿಟ್ಟರೂ ಕಂತು ನಿಲ್ಲುವುದಿಲ್ಲ. ಸಹಿ ಮಾಡುವ ಮೊದಲು ಓದಿ.

ಡಿಗ್ರಿ ಕೊಡುತ್ತೇವೆ ಅಂದರೆ ಯಾವ ವಿಶ್ವವಿದ್ಯಾಲಯದ್ದು ಕೇಳಿ, ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ ಯುಜಿಸಿಯ ವೆಬ್‌ಸೈಟಿನಲ್ಲಿ ಹೆಸರು ನೋಡಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯೂ ಅಲ್ಲೇ ಇದೆ. ಮೂಲ ಅಂಕಪಟ್ಟಿ ಯಾರಿಗೂ ಕೊಟ್ಟು ಬರಬೇಡಿ. ಕಾಲೇಜುಗಳು ಅದನ್ನು ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ. ಯುಜಿಸಿ ಕೆಳಗೆ ಬಾರದ ಖಾಸಗಿ ಸಂಸ್ಥೆಗಳಿಗೆ ಆ ನಿಯಮ ತಾಗುವುದಿಲ್ಲ, ಅಲ್ಲಿ ಫೀಸು ವಾಪಸಿನ ಷರತ್ತನ್ನು ಬರಹದಲ್ಲೇ ತೆಗೆದುಕೊಳ್ಳಿ.

ಕಾರವಾರ, ಇಂಟೀರಿಯರ್ ಕೆಲಸ ಮಾಡುತ್ತೇನೆ

ಅಕ್ಕಾವ್ರೆ, ಇಂಟೀರಿಯರ್ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಆರ್ಕಿಟೆಕ್ಟ್ ಅಂತ ಹೆಸರಿನ ಮುಂದೆ ಹಾಕಿಕೊಳ್ಳಲು ಬಿ.ಆರ್ಕ್ ಓದಿ, 1972ರ ಕಾಯ್ದೆಯ ಪ್ರಕಾರ ಆರ್ಕಿಟೆಕ್ಚರ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಇಂಟೀರಿಯರ್ ಡಿಸೈನರ್‌ಗೆ ಅಂಥ ನೋಂದಣಿ ಇಲ್ಲ. ಅದಕ್ಕೇ ಇಲ್ಲಿ ಸರ್ಟಿಫಿಕೇಟಿಗಿಂತ ಮಾಡಿದ ಕೆಲಸವನ್ನೇ ಜಾಸ್ತಿ ನೋಡುತ್ತಾರೆ. ಗೋಡೆ ಒಡೆಯುವ, ಕಂಬ ತೆಗೆಯುವ ಮಾತು ಬಂದರೆ ಮಾತ್ರ ನಾವು ಸುಮ್ನೆ ಕೈಹಾಕಬಾರದು, ಎಂಜಿನಿಯರ್ ಬೇಕು.

ಕಾಲೇಜಿನಲ್ಲಿ ಕಂಪ್ಯೂಟರ್ ಮೇಲೆ ಚಂದದ ತ್ರೀಡಿ ಚಿತ್ರ ಮಾಡಿಸುತ್ತಾರೆ. ಕ್ಲೈಂಟ್ ಒಪ್ಪುವುದು ಅದನ್ನು ನೋಡಿಯೇ, ನಿಜ. ಆದರೆ ನಮ್ಮ ಕರಾವಳಿಯ ಮನೆ ಬೇರೆ. ಇಲ್ಲಿ ಉಪ್ಪು ಗಾಳಿ, ಮೇಲಿಂದ ನಾಲ್ಕು ತಿಂಗಳ ಮಳೆ. ಅಗ್ಗ ಅಂತ ಮರದ ನಾರು ಒತ್ತಿ ಮಾಡಿದ ಎಂಡಿಎಫ್‌ನಲ್ಲಿ ಕಿಚನ್ ಮಾಡಿದರೆ ಸಿಂಕ್ ಕೆಳಗಿನ ಬಾಗಿಲು ಉಬ್ಬಿ ಮುಚ್ಚುವುದೇ ಇಲ್ಲ. ಅಡುಗೆಮನೆಗೆ ಐಎಸ್ 710 ಗುರುತಿರುವ ಮರೈನ್ ಪ್ಲೈವುಡ್ ಬೇಕು. ಐಎಸ್ 303, ಎಂಆರ್ ದರ್ಜೆ ಅಂತ ಇದ್ದರೆ ಅದು ಒಣ ಜಾಗಕ್ಕೆ ಮಾತ್ರ. ಗುರುತು ಹಾಳೆಯ ಮೇಲೇ ಮುದ್ರೆಯಾಗಿರುತ್ತದೆ, ಸೈಟಿಗೆ ಇಳಿಸುವಾಗ ಪ್ರತಿ ಹಾಳೆ ತಿರುಗಿಸಿ ನೋಡಬೇಕು. ಸಮುದ್ರದ ಹತ್ತಿರ ಮಾಮೂಲು ಹಿಂಜ್ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್‌ನಲ್ಲೂ 304 ದರ್ಜೆಗಿಂತ 316 ದರ್ಜೆ ಉಪ್ಪಿಗೆ ತಡೆಯುತ್ತದೆ. ಚಿರೆಕಲ್ಲಿನ ಹಳೆ ಗೋಡೆಗೆ ವಾರ್ಡ್‌ರೋಬನ್ನು ಅಂಟಿಸಿ ನಿಲ್ಲಿಸಿದರೆ ಮಳೆಗಾಲದಲ್ಲಿ ಒಳಗಿನ ಸೀರೆಗಳಿಗೆ ಬೂಷ್ಟು. ಹಿಂದೆ ಗಾಳಿಯಾಡಲು ಜಾಗ ಬಿಡಬೇಕು.

ಇದನ್ನೆಲ್ಲ ಕಲಿಯಲು ಬಡಗಿಯ ಜೊತೆ ನಿಲ್ಲಬೇಕು. ಹುಡುಗಿಗೆ ಸೈಟು ಯಾಕೆ ಅನ್ನುವವರು ಇದ್ದಾರೆ, ಅವರ ಮಾತು ಕೇಳಬೇಡಿ. ನನ್ನ ಹತ್ತಿರ ಕೆಲಸ ಮಾಡುವ ಹುಡುಗಿ ಅಳತೆ ಪಟ್ಟಿ ಹಿಡಿದು ಒಳಗೆ ಹೋದರೆ ಬಡಗಿಗಳು ರೇಡಿಯೋ ಸಣ್ಣ ಮಾಡುತ್ತಾರೆ. ಅವಳ ಡ್ರಾಯಿಂಗಿನಲ್ಲಿ ಎರಡು ಮಿಲಿಮೀಟರ್ ತಪ್ಪು ಇರುವುದಿಲ್ಲ ಅಂತ ಅವರಿಗೆ ಗೊತ್ತು.

ಕೆಲಸಕ್ಕೆ ಕೊರತೆ ಇಲ್ಲ. ಗೋಕರ್ಣದಲ್ಲಿ ರೆಸಾರ್ಟು, ದಾಂಡೇಲಿ ಕಡೆ ಹೋಂಸ್ಟೇ, ಗಡಿ ದಾಟಿದರೆ ಗೋವಾ. ನಿಮ್ಮ ಶಿರಸಿ, ಸಿದ್ದಾಪುರ ಕಡೆ ಮಾಳಿಗೆ ಮನೆಗಳನ್ನು ಕೆಡವದೆ ಸರಿಮಾಡಿಸುವವರು ಈಗ ಬರುತ್ತಿದ್ದಾರೆ. ಜಗಲಿ, ಮರದ ಕಂಬ, ಅಟ್ಟ ಉಳಿಸಿಕೊಂಡು ಒಳಗೆ ಬಚ್ಚಲು, ವೈರಿಂಗ್ ಹೊಸದು ಮಾಡುವ ಕೆಲಸ. ಅಂಥ ಮನೆಯಲ್ಲೇ ಬೆಳೆದ ಹುಡುಗಿಗೆ ಯಾವುದನ್ನು ಮುಟ್ಟಬಾರದು ಅಂತ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನ ಡಿಸೈನರ್‌ಗಳಿಗಿಂತ ನಿಮ್ಮ ಮಗಳು ಮುಂದಿರುವುದು ಅಲ್ಲಿ.

ಸಿದ್ದಾಪುರದವಳು, ಈಗ ಬೆಂಗಳೂರಲ್ಲಿ ಡಿಸೈನ್ ವಿದ್ಯಾರ್ಥಿ

ಆಂಟಿ, ನಿಫ್ಟ್ ಬಗ್ಗೆ ಯಾರೂ ಬರೆದಿಲ್ಲ. ಅದು ಸರ್ಕಾರದ ಫ್ಯಾಷನ್ ಕಾಲೇಜು, 1986ರಲ್ಲಿ ದೆಹಲಿಯಲ್ಲಿ ಶುರುವಾದದ್ದು, ಬೆಂಗಳೂರಲ್ಲೂ ಕ್ಯಾಂಪಸ್ ಇದೆ. ನಾಲ್ಕು ವರ್ಷದ ಬಿ.ಡಿಸ್ ಡಿಗ್ರಿಗೆ ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ನಡೆಯುತ್ತದೆ, ಕಾಮರ್ಸ್ ಆದರೂ ಸರಿ. ಪ್ರವೇಶ ಪರೀಕ್ಷೆ ವರ್ಷದ ಮೊದಲ ತಿಂಗಳುಗಳಲ್ಲೇ ಆಗುವುದರಿಂದ ಈ ಸಲ ಮುಗಿದಿರುತ್ತದೆ. ಮುಂದಿನ ಸಲಕ್ಕೆ ತಯಾರಿ ಮಾಡಬಹುದು. ಚಿತ್ರದ ಪರೀಕ್ಷೆ, ಸಾಮಾನ್ಯ ಜ್ಞಾನದ ಪರೀಕ್ಷೆ, ಆಮೇಲೆ ಸಿಚುಯೇಷನ್ ಟೆಸ್ಟ್. ಕೊನೆಯದರಲ್ಲಿ ತಂತಿ, ಕಾಗದ, ಬಟ್ಟೆ ತುಂಡು ಕೊಟ್ಟು ಹೇಳಿದ ವಿಷಯಕ್ಕೆ ಮಾಡೆಲ್ ಮಾಡಿ ಅನ್ನುತ್ತಾರೆ. ಫೀಸು ಜಾಸ್ತಿ, ಇದು ನಿಜ. ಕಡಿಮೆ ಖರ್ಚಿನ ದಾರಿಯೂ ಇದೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಫ್ಯಾಷನ್ ಟೆಕ್ನಾಲಜಿ ವಿಭಾಗ ಇದೆ. ಐಟಿಐಗಳ ಪಟ್ಟಿಯಲ್ಲಿ ಫ್ಯಾಷನ್ ಡಿಸೈನ್, ಇಂಟೀರಿಯರ್ ಡಿಸೈನ್ ಎರಡಕ್ಕೂ ಒಂದೊಂದು ವರ್ಷದ ಟ್ರೇಡ್ ಇದೆ. ನಿಮಗೆ ಹತ್ತಿರ ಎಲ್ಲಿದೆ ವಿಚಾರಿಸಿ.

ಅವಳಿಗೆ ಒಂದು ಮಾತು ಹೇಳಿ. ಇನ್‌ಸ್ಟಾಗ್ರಾಂ ನೋಡಿ ಗೌನ್ ಬಿಡಿಸುವುದನ್ನು ಎಲ್ಲರೂ ಮಾಡುತ್ತಾರೆ. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಹೆಂಗಸರು ಹಳೆ ಬಟ್ಟೆಯ ಕವದಿ ಹೊಲಿಯುವುದನ್ನು ಕೂತು ನೋಡಲಿ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂವು ಇಡುತ್ತಾರೆ. ಬಣ್ಣದ ಪಕ್ಕ ಯಾವ ಬಣ್ಣ ಅಂತ ಮೊದಲೇ ಬರೆದುಕೊಳ್ಳುವುದಿಲ್ಲ. ನಮ್ಮ ಕಡೆ ಗೋಡೆಯ ಮೇಲೆ ಬಿಡಿಸುವ ಹಸೆ ಚಿತ್ತಾರ, ಯಕ್ಷಗಾನದ ಚೌಕುಳಿ ಕಸೆ ಸೀರೆ, ಹಾಲಕ್ಕಿ ಹೆಂಗಸರ ಮಣಿಸರ, ಇವನ್ನು ಎದುರಿಗೆ ನೋಡಿ ಬಿಡಿಸಲಿ. ನನ್ನ ಪೋರ್ಟ್‌ಫೋಲಿಯೋದಲ್ಲಿ ಸಂದರ್ಶನದವರು ನಿಂತು ನೋಡಿದ ಪುಟ ಕಸೆ ಸೀರೆಯದ್ದು. ಉಡುವ ಕ್ರಮವನ್ನು ಹಂತ ಹಂತವಾಗಿ ಬಿಡಿಸಿದ್ದೆ, ಎಲ್ಲಿ ಗಂಟು, ಎಲ್ಲಿ ನೆರಿಗೆ ಅಂತ.

ಶಿರಸಿಯ ತಾಯಿ

ಎಲ್ಲರಿಗೂ ಧನ್ಯವಾದ. ಮಗಳಿಗೂ ಓದಿಸಿದೆ. ಆರ್‌ಸೆಟಿಗೆ ಹೋಗುತ್ತೇನೆ ಅಂದಳು. ಆದರೆ ಕಾರವಾರದ ಅಣ್ಣ ಬರೆದದ್ದು ಓದಿದ ಮೇಲೆ ಇಂಟೀರಿಯರ್ ಕಡೆ ಮನಸ್ಸು ತಿರುಗಿದಂತಿದೆ. ತನ್ನ ಅಜ್ಜನ ಮನೆಯ ಅಳತೆ ತೆಗೆಯುತ್ತಾ ಕೂತಿದ್ದಾಳೆ. ಈಗಲೇ ಲ್ಯಾಪ್‌ಟಾಪ್ ಕೊಡಿಸಬೇಕಾ?

ಕಾರವಾರ

ಈಗ ಬೇಡ. ಕಾಲೇಜು ಯಾವುದು ಅಂತ ಗಟ್ಟಿಯಾದ ಮೇಲೆ ಅಲ್ಲಿ ಯಾವ ಸಾಫ್ಟ್‌ವೇರ್ ಕೇಳುತ್ತಾರೆ ನೋಡಿ ತೆಗೆದುಕೊಳ್ಳಿ. ತ್ರೀಡಿ ಕೆಲಸಕ್ಕೆ 16 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲಿ. ಆಟೋಕ್ಯಾಡ್ ಮಾನ್ಯತೆ ಇರುವ ಕಾಲೇಜಿನ ವಿದ್ಯಾರ್ಥಿಗಳಿಗೆ ಉಚಿತ, ಅದಕ್ಕೆ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಸದ್ಯಕ್ಕೆ ಒಂದು ಐದು ಮೀಟರ್ ಟೇಪು, ಗ್ರಾಫ್ ಹಾಳೆ ಸಾಕು. ಅಜ್ಜನ ಮನೆಯ ಅಳತೆ ತೆಗೆಯುವಾಗ ಗೋಡೆಯ ದಪ್ಪ, ಕಿಟಕಿ ನೆಲದಿಂದ ಎಷ್ಟು ಎತ್ತರ, ಬಾಗಿಲು ಯಾವ ಕಡೆ ತೆರೆಯುತ್ತದೆ, ಇವನ್ನೂ ಬರೆದುಕೊಳ್ಳಲಿ. ಕೋಣೆಯ ಮೂಲೆಯಿಂದ ಮೂಲೆಗೂ ಟೇಪು ಹಿಡಿಯಲಿ. ಹಳೆ ಮನೆಯಲ್ಲಿ ಆ ಎರಡು ಓರೆ ಅಳತೆ ಒಂದೇ ಆಗಿರುವುದು ಅಪರೂಪ. ಡ್ರಾಯಿಂಗ್ ಮುಗಿದ ಮೇಲೆ ಫೋಟೋ ಇಲ್ಲಿ ಹಾಕಿ, ತಪ್ಪಿದ್ದರೆ ಹೇಳುತ್ತೇನೆ.