ಒಂದೇ ಕಟ್ಟೆ, ಎರಡು ಬಾಟಲಿ, ಎರಡು ಅಂಕಿ: ನ್ಯೂಯಾರ್ಕ್ ಬಂದರಿನ ನೀರಿನ ಪರೀಕ್ಷೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಬ್ರೂಕ್ಲಿನ್ ನಿವಾಸಿ. ಬೇಸಿಗೆಯ ಗುರುವಾರಗಳಂದು ಬೆಳಿಗ್ಗೆ ಈಸ್ಟ್ ರಿವರ್ ದಡದ ದೋಣಿಕಟ್ಟೆಯೊಂದರಲ್ಲಿ ನೀರಿನ ಮಾದರಿ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಮುಟ್ಟಿಸುವ ಸ್ವಯಂಸೇವಕರಲ್ಲಿ ನಾನೂ ಒಬ್ಬಳು. ಮನುಷ್ಯರ ಮತ್ತು ಪ್ರಾಣಿಗಳ ಕರುಳಿನಲ್ಲಿರುವ ಎಂಟರೊಕಾಕಸ್ ಬ್ಯಾಕ್ಟೀರಿಯಾವನ್ನು ಅಲ್ಲಿ ಎಣಿಸುತ್ತಾರೆ. 100 ಮಿಲಿಲೀಟರಿಗೆ 35ರ ಒಳಗಿದ್ದರೆ ಹಸಿರು, 104ರವರೆಗೆ ಹಳದಿ, ಅದನ್ನು ದಾಟಿದರೆ ಕೆಂಪು ಗುರುತು.

ಕಳೆದ ವಾರ ತಾಳೆ ನೋಡಲೆಂದು ಒಂದರ ಹಿಂದೆ ಒಂದರಂತೆ ಎರಡು ಬಾಟಲಿ ತುಂಬಿದೆ. ಒಂದು 31 ಎಂದಿತು, ಇನ್ನೊಂದು 63. ಅದೇ ಕಟ್ಟೆಯ ಅದೇ ನೀರು ಒಮ್ಮೆ ಹಸಿರು, ಒಮ್ಮೆ ಹಳದಿ! ಇದರಲ್ಲಿ ಯಾವುದನ್ನು ದಾಖಲಿಸಬೇಕು? ಇಷ್ಟು ಅಲ್ಲಾಡುವ ಅಂಕಿಯನ್ನು ನೆಚ್ಚಿಕೊಂಡು ಕಯಾಕ್ ಇಳಿಸುವವರಿಗೆ ನಾನು ಏನು ಹೇಳಲಿ? ಕೊಳಕು ಫಲಿತಾಂಶ ಬರುವ ಕಟ್ಟೆಯನ್ನು ಬಿಟ್ಟು ಸ್ವಲ್ಪ ಆಚೆ ಮಾದರಿ ತೆಗೆಯೋಣ ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ, ಅದು ಸರಿಯೇ?

ಮೊದಲ ಉತ್ತರ

ಮೇಡಂ, ನಿಮ್ಮ ಕೆಲಸದಲ್ಲಿ ತಪ್ಪಿದೆಯೆಂದು ದಯವಿಟ್ಟು ಭಾವಿಸಬೇಡಿ. ಆ ಅಂಕಿ ಹುಟ್ಟುವ ಬಗೆಯನ್ನು ನೋಡಿದರೆ ವಿಷಯ ತಿಳಿಯಾಗುತ್ತದೆ. ಈಸ್ಟ್ ರಿವರ್ ಹೆಸರಿಗೆ ನದಿಯಾದರೂ ಅದರಲ್ಲಿರುವುದು ಉಪ್ಪುನೀರು. ಅದನ್ನು ಹತ್ತು ಪಟ್ಟು ತೆಳುಮಾಡಲೇಬೇಕಾದ್ದರಿಂದ, ನೀವು ತಂದ ಬಾಟಲಿಯಿಂದ ಪರೀಕ್ಷೆಗೆ ಹೋಗುವುದು ಕೇವಲ 10 ಮಿಲಿಲೀಟರ್. ಅದನ್ನು 90 ಮಿಲಿಲೀಟರ್ ಶುದ್ಧ ನೀರಿಗೂ ಪೋಷಕಪುಡಿಗೂ ಬೆರೆಸಿ, ದೊಡ್ಡವು 49, ಚಿಕ್ಕವು 48 ಎಂದು ಒಟ್ಟು 97 ಗುಳಿಗಳಿರುವ ಪ್ಲಾಸ್ಟಿಕ್ ಟ್ರೇಗೆ ಸುರಿದು, ಮುಚ್ಚಿ, 41 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಡುತ್ತಾರೆ. ಆಮೇಲೆ ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಬ್ಯಾಕ್ಟೀರಿಯಾ ಬೆಳೆದ ಗುಳಿಗಳು ನೀಲಿಯಾಗಿ ಹೊಳೆಯುತ್ತವೆ. ಹೊಳೆದ ಗುಳಿಗಳ ಲೆಕ್ಕದಿಂದ ಬ್ಯಾಕ್ಟೀರಿಯಾದ ಅಂದಾಜು ಸಂಖ್ಯೆ ಕೊಡುವ ಕೋಷ್ಟಕವೊಂದಿದೆ. ದೊಡ್ಡ ಗುಳಿ ಮೂರು ಹೊಳೆದರೆ ಅದರಲ್ಲಿ 3.1, ಅದರ ಹತ್ತು ಪಟ್ಟು 31. ಆರು ಹೊಳೆದರೆ 6.3, ಅಂದರೆ 63. ನಿಮ್ಮ ಎರಡು ಬಾಟಲಿಗಳ ನಡುವಿನ ವ್ಯತ್ಯಾಸ ಮೂರೇ ಮೂರು ಗುಳಿ! ಬ್ಯಾಕ್ಟೀರಿಯಾ ಉಪ್ಪಿನಂತೆ ನೀರಿನಲ್ಲಿ ಸಮವಾಗಿ ಕರಗಿರುವುದಿಲ್ಲ. ಮಣ್ಣಿನ ಕಣಕ್ಕೆ ಅಂಟಿಕೊಂಡು ಗುಂಪುಗುಂಪಾಗಿ ತೇಲುತ್ತದೆ.

ಎರಡನ್ನೂ ದಾಖಲಿಸಿ. ಒಂದೇ ಅಂಕಿ ಬೇಕೆಂದರೆ ಗುಣೋತ್ತರ ಸರಾಸರಿ (ಎರಡನ್ನೂ ಗುಣಿಸಿ ಬಂದದ್ದರ ವರ್ಗಮೂಲ) ತೆಗೆಯಿರಿ, 44 ಬರುತ್ತದೆ. ಚೆನ್ನಾಗಿ ಕಂಡದ್ದನ್ನು ಮಾತ್ರ ಆರಿಸಿಕೊಳ್ಳುವುದು ಖಂಡಿತ ಬೇಡ.

ಎರಡನೆಯ ಉತ್ತರ

ಮೇಲಿನ ಮಾತಿಗೆ ಮಳೆಯ ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ನಿಜವಾದ ಪ್ರಶ್ನೆ ಇರುವುದು ಅಲ್ಲಿಯೇ. ಈ ನಗರದ ಸುಮಾರು ಶೇಕಡ 60ರಷ್ಟು ಭಾಗದಲ್ಲಿ ಮಳೆನೀರೂ ಶೌಚದ ನೀರೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಜೋರು ಮಳೆ ಬಂದಾಗ ಶುದ್ಧೀಕರಣ ಘಟಕಗಳಿಗೆ ಅದನ್ನೆಲ್ಲ ತೆಗೆದುಕೊಳ್ಳಲಾಗದೆ, ಉಕ್ಕಿದ್ದು ನೇರವಾಗಿ ಬಂದರಿಗೆ ಬೀಳುತ್ತದೆ. ಅಂಥ ದಿನ ಟ್ರೇಯ ಗುಳಿಗಳೆಲ್ಲ ಹೊಳೆದು, ಈ ಪರೀಕ್ಷೆ ಎಣಿಸಬಲ್ಲ ಗರಿಷ್ಠ ಅಂಕಿಯಾದ 24,196ಕ್ಕಿಂತ ಹೆಚ್ಚು ಎಂದಷ್ಟೇ ಬರೆಯಬೇಕಾಗುವ ಸಂದರ್ಭವೂ ಬರಬಹುದು. ಅದರ ಮುಂದೆ 31ಕ್ಕೂ 63ಕ್ಕೂ ಇರುವ ಅಂತರ ಏನೂ ಅಲ್ಲ.

ಗುರುವಾರದ ನೀರಿನ ಫಲಿತಾಂಶ ಶುಕ್ರವಾರ ಕೈಗೆ ಬರುತ್ತದೆ. ಆದ್ದರಿಂದ ಕಯಾಕ್ ಇಳಿಸುವವರಿಗೆ ಅಂಕಿಯ ಜೊತೆಗೆ ಹಿಂದಿನ ಎರಡು ಮೂರು ದಿನಗಳ ಮಳೆಯನ್ನೂ ಹೇಳಿ. ಸ್ಥಳವನ್ನು ಮಾತ್ರ ದಯವಿಟ್ಟು ಬದಲಿಸಬೇಡಿ. ನಗರದ ಆಡಳಿತ 1909ರಿಂದ ಬಂದರಿನ ಸಮೀಕ್ಷೆ ನಡೆಸುತ್ತಿದೆ, ಆದರೆ ಅದರ ಬಹುಪಾಲು ಮಾದರಿಗಳು ತೆರೆದ ನೀರಿನವು. ಜನ ಕೈಕಾಲು ಅದ್ದುವುದು ಕಟ್ಟೆಯ ಬುಡದಲ್ಲಿ. ಬ್ರೂಕ್ಲಿನ್‌ನ ಗೊವಾನಸ್ ಕಾಲುವೆಯಂಥ, ಒಂದು ತುದಿ ಮುಚ್ಚಿದ, ಉಬ್ಬರವಿಳಿತ ಸರಿಯಾಗಿ ತೊಳೆಯದ ನೀರು ಹೊರಗಿನ ನೀರಿನಂತೆ ಇರುವುದಿಲ್ಲ. ಕೊಳಕು ಕಟ್ಟೆಯನ್ನು ಬಿಟ್ಟರೆ, ಯಾರಿಗೆ ಆ ಮಾಹಿತಿ ಎಲ್ಲಕ್ಕಿಂತ ಹೆಚ್ಚು ಬೇಕೋ ಅವರಿಗೇ ಅದು ಸಿಗದಂತಾಗುತ್ತದೆ.

ಮೂರನೆಯ ಉತ್ತರ

ಒಂದು ಚಿಕ್ಕ ಮಾತು. ಒಮ್ಮೆ ರೈಲು ತಡವಾಗಿ ನನ್ನ ಪೆಟ್ಟಿಗೆಯ ಐಸ್ ಕರಗಿಹೋಗಿ, ತೆಗೆದ ಆರು ಗಂಟೆಯೊಳಗೆ ಮಾದರಿಯನ್ನು ಮುಟ್ಟಿಸಲಾಗಲಿಲ್ಲ. ಆ ವಾರದ ಜಾಗವನ್ನು ಖಾಲಿ ಬಿಟ್ಟೆವು. ಬೇಸರವಾಯಿತು, ಆದರೆ ಕೆಟ್ಟ ಮಾದರಿಯ ಅಂಕಿಯನ್ನು ತುಂಬುವುದಕ್ಕಿಂತ ಖಾಲಿ ಜಾಗವೇ ಮೇಲು. ಬಾಟಲಿಯ ಒಳಗೆ ಬೆರಳು ತಾಗಿಸಬೇಡಿ. ಬಾಯಿ ಕೆಳಗೆ ಮಾಡಿ ಮುಳುಗಿಸಿ, ನೀರಿನ ಮೇಲ್ಪದರದ ಕೆಳಗೆ ಹರಿವಿಗೆ ಎದುರಾಗಿ ತಿರುಗಿಸಿ ತುಂಬಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನನ್ನ ಪುಸ್ತಕವನ್ನು ತೆರೆದು ನೋಡಿದೆ. ಗಂಟೆ, ಉಬ್ಬರವಿಳಿತ, ನೀರಿನ ಉಷ್ಣತೆ ಎಲ್ಲವೂ ಇವೆ, ಮಳೆಗೆ ಮಾತ್ರ ಕಾಲಂ ಇಲ್ಲ. ಇಂದೇ ಗೀಟು ಹಾಕಿದ್ದೇನೆ. ಹಿಂದಿನ ಗುರುವಾರಗಳ ಮಳೆಯನ್ನು ಹವಾಮಾನ ದಾಖಲೆಯಿಂದ ತುಂಬಿಸುತ್ತೇನೆ. ಕಟ್ಟೆ ಅದೇ ಇರುತ್ತದೆ ಎಂದು ಗೆಳೆಯರಿಗೆ ತಿಳಿಸಿದ್ದೇನೆ.