ಅಪ್ಪನ ಟ್ರಂಕಿನಲ್ಲಿರುವ ಮಿಲಿಟರಿ ಶಾಲೆಯ ಫೋಟೋ, ಪತ್ರ, ಪತ್ರಿಕೆಗಳನ್ನು ಯಾರಿಗೆ ಕೊಡಲಿ, ಹೇಗೆ ಹಂಚಲಿ?

ತುಂಗಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಐವತ್ತರ ದಶಕದಲ್ಲಿ ಬೆಂಗಳೂರಿನ ಹೊಸೂರು ರಸ್ತೆಯ ಮಿಲಿಟರಿ ಶಾಲೆಯಲ್ಲಿ ಓದಿದವರು. 1946ರಲ್ಲಿ ಶುರುವಾದಾಗ ಅದು ಕಿಂಗ್ ಜಾರ್ಜ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜು. ಅಪ್ಪ ಸೇರುವ ಹೊತ್ತಿಗೆ ಕಿಂಗ್ ಜಾರ್ಜ್ಸ್ ಸ್ಕೂಲ್ ಆಗಿತ್ತು, ಈಗ ರಾಷ್ಟ್ರೀಯ ಮಿಲಿಟರಿ ಶಾಲೆ. ತಾತ ಸೈನ್ಯದವರಲ್ಲ, ಶಿವಮೊಗ್ಗ ಕಡೆ ಮೇಷ್ಟ್ರಾಗಿದ್ದರು. ಮೊದಲು ಅಲ್ಲಿ ಸೈನಿಕರ ಮಕ್ಕಳಿಗೆ ಮಾತ್ರ ಸೀಟು. 1952ರಲ್ಲಿ ಹೊರಗಿನವರಿಗೂ ಬಾಗಿಲು ತೆರೆದಿದ್ದರಿಂದ ಅಪ್ಪನಿಗೆ ಅವಕಾಶ ಸಿಕ್ಕಿತು.

ಹೋದ ವರ್ಷ ಅಪ್ಪ ತೀರಿಕೊಂಡರು. ಅವರ ಟ್ರಂಕಿನಲ್ಲಿ ಶಾಲೆಯ ವಾರ್ಷಿಕ ಪತ್ರಿಕೆಗಳಿವೆ, ಕ್ರೀಡಾ ದಿನದ ಕಾರ್ಯಕ್ರಮ ಪಟ್ಟಿ, ರಿಪೋರ್ಟ್ ಕಾರ್ಡುಗಳು, ಗ್ರೂಪ್ ಫೋಟೋಗಳು, ಜೊತೆಗೆ ಮನೆಗೆ ಬರೆದ ಇನ್‌ಲ್ಯಾಂಡ್ ಪತ್ರಗಳ ಒಂದು ಕಟ್ಟು. ತಾತನಿಗೆ ಇಂಗ್ಲಿಷ್‌ನಲ್ಲಿ ಬರೆದಿದ್ದಾರೆ, ಅಜ್ಜಿಗೆ ಕನ್ನಡದಲ್ಲಿ. ಒಂದರಲ್ಲಿ "ಉಪ್ಪಿನಕಾಯಿ ಕಳಿಸುವುದಾದರೆ ದೊಡ್ಡ ಡಬ್ಬಿ ಕಳಿಸು, ಪಂಜಾಬಿನ ಹುಡುಗರೆಲ್ಲ ಸೇರಿ ಒಂದೇ ದಿನಕ್ಕೆ ಮುಗಿಸಿದರು" ಅಂತ ಇದೆ. ಶಾಲೆಯ ಇತಿಹಾಸ ಅಂತ ಯಾರಾದರೂ ಬರೆದರೆ ಇದು ಅದರಲ್ಲಿ ಬರುವುದಿಲ್ಲ, ಆದರೆ ಬರಬೇಕು ಅಂತ ನನ್ನ ಆಸೆ.

ಒಂದು ಫೋಟೋ ನೋಡಿದರೆ ಸಂಕಟವಾಗುತ್ತದೆ. ದಪ್ಪ ರಟ್ಟಿಗೆ ಅಂಟಿಸಿದ ತರಗತಿಯ ಗ್ರೂಪ್ ಫೋಟೋ, ಕೆಳಗೆ ಕಪ್ಪು ಶಾಯಿಯಲ್ಲಿ ಸಾಲುಸಾಲಾಗಿ ಹೆಸರುಗಳು. ಕುಳಿತ ಮೇಷ್ಟ್ರುಗಳ ಹೆಸರು ಚೆನ್ನಾಗಿ ಉಳಿದಿದೆ. ಹಿಂದಿನ ಸಾಲಿನ ಹುಡುಗರ ಹೆಸರಿದ್ದ ಅಂಚನ್ನು ಬೆಳ್ಳಿಹುಳ ತಿಂದುಹಾಕಿದೆ. ಅಪ್ಪ ನಿಂತಿರುವುದು ಆ ಸಾಲಿನಲ್ಲೇ.

ಇವನ್ನೆಲ್ಲ ಯಾರಿಗೆ ಕೊಡಬೇಕು? ಸೈನ್ಯಕ್ಕೆ ಸಂಬಂಧಿಸಿದ್ದು, ಇಂಟರ್‌ನೆಟ್‌ಗೆ ಹಾಕಬಹುದಾ? ಅಲ್ಲಿಯವರೆಗೆ ಹಾಳಾಗದ ಹಾಗೆ ಇಡುವುದು ಹೇಗೆ? ಗೊತ್ತಿರುವವರು ಹೇಳಿ.

ಕಡತಪ್ರೇಮಿ:

ಮೊದಲ ಮಾತು, ಯಾರಿಗೂ ಈಗಲೇ ಮೂಲ ಪ್ರತಿ ಕೊಡಬೇಡಿ. ಕೇಳಿದವರು ಒಳ್ಳೆಯವರೇ ಇರಬಹುದು. ನಾನು ಹಳೇ ದಾಖಲೆಗಳ ಕೆಲಸ ಮಾಡುವವನು. ಒಂದು ಸಂಸ್ಥೆಗೆ (ಹೆಸರು ಬೇಡ) ಒಬ್ಬರು ಆಲ್ಬಮ್ ಕೊಟ್ಟು ರಸೀದಿ ತೆಗೆದುಕೊಳ್ಳಲಿಲ್ಲ. ಅಲ್ಲಿನ ಅಧಿಕಾರಿ ವರ್ಗವಾಗಿ ಹೋದ ಮೇಲೆ ಆಲ್ಬಮ್ ಎಲ್ಲಿದೆ ಅಂತ ಹೇಳುವವರೇ ಇರಲಿಲ್ಲ. ಮಿಲಿಟರಿ ಸಂಸ್ಥೆಗಳಲ್ಲಿ ಮುಖ್ಯಸ್ಥರು ಕೆಲವೇ ವರ್ಷಕ್ಕೆ ಬದಲಾಗುತ್ತಾರೆ. ಹಾಗಾಗಿ ಏನೇ ಕೊಟ್ಟರೂ ಪಟ್ಟಿ ಮಾಡಿ, ಸಹಿ ಹಾಕಿಸಿಕೊಂಡು ಕೊಡಿ.

ಇಡುವ ಬಗ್ಗೆ: ಲ್ಯಾಮಿನೇಶನ್ ಮಾಡಿಸಲೇಬೇಡಿ, ಅದನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಹರಿದಲ್ಲಿ ಸೆಲ್ಲೋಟೇಪ್ ಬೇಡ, ಕೆಲವು ವರ್ಷಕ್ಕೆ ಹಳದಿ ಕಲೆ ಬಿಟ್ಟುಹೋಗುತ್ತದೆ. ತುಕ್ಕು ಹಿಡಿದ ಪಿನ್ನು, ಕ್ಲಿಪ್ಪು ಇದ್ದರೆ ನಿಧಾನವಾಗಿ ತೆಗೆಯಿರಿ. ಫೋಟೋ ಹಿಂದೆ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್, ಪೆನ್ ಮುಟ್ಟಬೇಡಿ. ಟ್ರಂಕನ್ನು ಅಟ್ಟದ ಮೇಲೂ ಇಡಬೇಡಿ, ನೆಲದ ಮೇಲೂ ಇಡಬೇಡಿ. ನಿಮ್ಮ ಕಡೆ ಮಳೆ ಜಾಸ್ತಿ, ತೇವ ಹೆಚ್ಚಾದರೆ ಬೂಷ್ಟು ಬರುತ್ತದೆ, ಬೆಳ್ಳಿಹುಳವೂ ಬರುತ್ತದೆ. ಗಾಳಿ ಆಡುವ ಕೋಣೆಯ ಒಳಗೋಡೆ ಪಕ್ಕದ ಕಪಾಟು ಸಾಕು.

ಸ್ಕ್ಯಾನ್ ಮಾಡುವಾಗ ಫೋಟೋಗೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ), ಕಾಗದಕ್ಕೆ 300 ಸಾಕು. ಮೂಲ ಫೈಲ್ ಗುಣಮಟ್ಟ ಇಳಿಯದ ಟಿಫ್ ರೂಪದಲ್ಲಿ ಇಡಿ, ಹಂಚಲು ಚಿಕ್ಕದಾದ ಜೆಪೆಗ್ ಮಾಡಿಕೊಳ್ಳಿ. ಫೋಟೋ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೋ ಮುದ್ರೆ, ತಾರೀಕು ಎಲ್ಲ ಅಲ್ಲಿರುತ್ತದೆ. ಪತ್ರಿಕೆಗಳನ್ನು ರಕ್ಷಾಪುಟದಿಂದ ಜಾಹೀರಾತಿನವರೆಗೆ ಪೂರ್ತಿ ಮಾಡಿ. ಸಮವಸ್ತ್ರ ಹೊಲಿದ ಟೈಲರ್ ಯಾರು, ಬೂಟು ಮಾರಿದ ಅಂಗಡಿ ಯಾವುದು ಅಂತ ಆ ಜಾಹೀರಾತುಗಳಿಂದಲೇ ಗೊತ್ತಾಗುವುದು.

ಆದರೆ ಸ್ಕ್ಯಾನ್ ಮಾಡುವುದು ಆರು ತಿಂಗಳು ತಡವಾದರೂ ಪರವಾಗಿಲ್ಲ. ಹೆಸರು ಕೇಳುವುದು ತಡವಾಗಬಾರದು. ಅಪ್ಪನ ಸಹಪಾಠಿಗಳಿಗೆ ಈಗ ಎಂಬತ್ತು ದಾಟಿರುತ್ತದೆ. ಆ ಗ್ರೂಪ್ ಫೋಟೋವನ್ನು ಇವತ್ತೇ ಕಿಟಕಿ ಬೆಳಕಿನಲ್ಲಿ ಮೊಬೈಲ್‌ನಿಂದ ತೆಗೆದು, ಪ್ರತಿ ಮುಖಕ್ಕೂ ಒಂದು ನಂಬರ್ ಹಾಕಿ ಅವರಿಗೆ ಕಳಿಸಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಇಬ್ಬರು ಬೇರೆಬೇರೆ ಹೆಸರು ಹೇಳಿದರೆ ಎರಡನ್ನೂ ಬರೆದುಕೊಳ್ಳಿ, ಯಾರು ಯಾವತ್ತು ಹೇಳಿದ್ದು ಅನ್ನುವುದನ್ನೂ ಸೇರಿಸಿ. ಎಷ್ಟೋ ಕಡೆ ಸಾವಿರಾರು ಚಿತ್ರ ಸ್ಕ್ಯಾನ್ ಆಗಿ ಹಾರ್ಡ್ ಡಿಸ್ಕಿನಲ್ಲಿ ಕೂತಿವೆ, ಒಂದರಲ್ಲೂ ಯಾರಿದ್ದಾರೆ ಅಂತ ಗೊತ್ತಿಲ್ಲ. ಅಂಥದ್ದನ್ನು ನೋಡಿದಾಗ ನನಗೆ ತುಂಬಾ ಬೇಜಾರಾಗುತ್ತದೆ.

ಕ್ಯಾಂಪ್_ಬೆಳಗಾವಿ:

ನಾನು ಇದೇ ಕುಟುಂಬಕ್ಕೆ ಸೇರಿದ ಬೆಳಗಾವಿಯ ರಾಷ್ಟ್ರೀಯ ಮಿಲಿಟರಿ ಶಾಲೆಯ ಹಳೇ ವಿದ್ಯಾರ್ಥಿ. ನಮ್ಮದು 1945ರಲ್ಲಿ ಶುರುವಾಗಿದ್ದು, ನಿಮ್ಮ ಅಪ್ಪನ ಶಾಲೆಗಿಂತ ಸ್ವಲ್ಪ ಹಿರಿಯದು. ಹಳೇ ಕಿಂಗ್ ಜಾರ್ಜ್ ಹೆಸರಿನಿಂದ ನಾವೆಲ್ಲ ಇವತ್ತಿಗೂ ಜಾರ್ಜಿಯನ್ನರು ಅಂತಲೇ ಕರೆದುಕೊಳ್ಳುತ್ತೇವೆ.

ಪಟ್ಟಿ ಮಾಡುವಾಗ ಆಯಾ ಕಾಲದ ಹೆಸರು, ಈಗಿನ ಹೆಸರು ಎರಡೂ ಬರೆಯಿರಿ. 1952ರವರೆಗೆ ಕಿಂಗ್ ಜಾರ್ಜ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜು, ಆಮೇಲೆ ಕಿಂಗ್ ಜಾರ್ಜ್ಸ್ ಸ್ಕೂಲ್, 1966ರಿಂದ ಮಿಲಿಟರಿ ಸ್ಕೂಲ್, 2007ರಿಂದ ರಾಷ್ಟ್ರೀಯ ಮಿಲಿಟರಿ ಶಾಲೆ. ಜಾಗಗಳೂ ಬದಲಾಗಿವೆ. ಜಲಂಧರ್‌ನಲ್ಲಿದ್ದ ಶಾಲೆ 1952ರಲ್ಲಿ ಈಗಿನ ಮಧ್ಯಪ್ರದೇಶದ ನೌಗಾಂವ್‌ಗೆ ಹೋಯಿತು, 1960ರಲ್ಲಿ ಹಿಮಾಚಲದ ಚೈಲ್‌ಗೆ. ಝೀಲಂನ ಶಾಲೆ ದೇಶ ವಿಭಜನೆಯಲ್ಲಿ ಪಾಕಿಸ್ತಾನಕ್ಕೇ ಸೇರಿತು, ಈಗ ಅದು ಮಿಲಿಟರಿ ಕಾಲೇಜ್ ಝೀಲಂ. ಒಂದೇ ಕುಟುಂಬದ ಶಾಲೆಗಳ ಕಾಗದಪತ್ರ ಎರಡು ದೇಶಗಳಲ್ಲಿ ಹರಿದು ಹಂಚಿಹೋಗಿದೆ ಅಂದರೆ ತಪ್ಪಾಗಲ್ಲ. ಹೆಸರು ಸರಿಯಾಗಿ ಬರೆಯದಿದ್ದರೆ ಮುಂದೆ ಹುಡುಕುವವರಿಗೆ ಏನೂ ಸಿಗುವುದಿಲ್ಲ.

ಇನ್ನೊಂದು ವಿಷಯ. ಪರಮವೀರ ಚಕ್ರ ಪಡೆದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಬಾಲ್ಯದಲ್ಲಿ ಬೆಂಗಳೂರಿಗೆ ಬಂದು ಓದಿದವರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1946ರಲ್ಲಿ ನಿಮ್ಮ ಅಪ್ಪನ ಶಾಲೆಗೇ ಸೇರಿದ್ದು. 1947ರ ಆಗಸ್ಟ್‌ನಲ್ಲಿ ಜಲಂಧರ್ ಶಾಲೆಗೆ ವರ್ಗವಾದರು. ಆ ತಿಂಗಳು ಪಂಜಾಬ್ ಹೇಗೆ ಹೊತ್ತಿ ಉರಿಯುತ್ತಿತ್ತು ಅಂತ ಯೋಚಿಸಿ, ಹುಡುಗನಿಗೆ ಆಗ ಹನ್ನೊಂದು ವರ್ಷ. 1961ರ ಡಿಸೆಂಬರ್ 5ರಂದು ಕಾಂಗೋದ ಎಲಿಜಬೆತ್‌ವಿಲ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಹೋರಾಡುತ್ತಾ ಪ್ರಾಣ ಕೊಟ್ಟರು. ಗೂರ್ಖಾ ಪಡೆಯ ಹದಿನಾರು ಜನರನ್ನು ಕಟ್ಟಿಕೊಂಡು ಸುಮಾರು ತೊಂಬತ್ತು ಜನರ ಮೇಲೆ ಬಿದ್ದಿದ್ದರು. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಸೇವೆ ಮಾಡುತ್ತಾ ಪರಮವೀರ ಚಕ್ರ ಪಡೆದವರು ಅವರೊಬ್ಬರೇ. ಅವರ ಕೊನೆಯ ದಿನದ ಬಗ್ಗೆ ಬೇಕಾದಷ್ಟು ಬರಹ ಸಿಗುತ್ತದೆ. ಬೆಂಗಳೂರಿನ ಆ ಒಂದು ವರ್ಷದ ಬಗ್ಗೆ, ಆ ಹುಡುಗರು ಏನು ತಿಂದರು, ಯಾವ ಭಾಷೆಯಲ್ಲಿ ಜಗಳವಾಡಿದರು, ಊರಿನ ಸುದ್ದಿ ಕೇಳಿ ಹೇಗೆ ರಾತ್ರಿ ಕಳೆದರು ಅನ್ನುವುದು ಬೇಕಾದರೆ ನಿಮ್ಮ ಟ್ರಂಕಿನಂಥ ಟ್ರಂಕುಗಳನ್ನೇ ಹುಡುಕಬೇಕು.

ಎಲ್ಲರಿಗೂ_ಮುಕ್ತ:

ಇಷ್ಟೆಲ್ಲ ಯೋಚನೆ ಯಾಕೆ? ಪೂರ್ತಿ ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವ್ ಅನ್ನುವ ಉಚಿತ ಆನ್‌ಲೈನ್ ಗ್ರಂಥಾಲಯಕ್ಕೆ ಏರಿಸಿ. ಬೆಂಗಳೂರಿನಲ್ಲೇ ಸರ್ವೆಂಟ್ಸ್ ಆಫ್ ನಾಲೆಜ್ ಅನ್ನುವ ತಂಡ ಸಾವಿರಾರು ಕನ್ನಡ ಪುಸ್ತಕಗಳನ್ನು ಹೀಗೆ ಎಲ್ಲರಿಗೂ ಸಿಗುವ ಹಾಗೆ ಮಾಡಿದೆ. ಬೀಗ ಹಾಕಿದ ಕಪಾಟಿನಲ್ಲಿ ಇರುವುದಕ್ಕಿಂತ ನೆಟ್‌ನಲ್ಲಿ ಇರುವುದು ಮೇಲು. ಅರವತ್ತು ವರ್ಷಕ್ಕೂ ಹಳೆಯದರಲ್ಲಿ ಸೈನ್ಯದ ಗುಟ್ಟು ಏನಿರುತ್ತದೆ?

ಕಡತಪ್ರೇಮಿ:

ಪತ್ರಿಕೆಗಳ ಮಟ್ಟಿಗೆ ನಿಮ್ಮ ಮಾತು ಒಪ್ಪುತ್ತೇನೆ, ಅವು ಹಂಚಲೆಂದೇ ಅಚ್ಚಾದವು. ಸರ್ಕಾರ ಪ್ರಕಟಿಸಿದ್ದರ ಕೃತಿಸ್ವಾಮ್ಯದ ಹಕ್ಕು (ಕಾಪಿರೈಟ್) ಪ್ರಕಟವಾದ 60 ವರ್ಷಕ್ಕೆ ಮುಗಿಯುತ್ತದೆ. ಲೇಖನ ಬರೆದವರ ಹಕ್ಕು ಬೇರೆ, ಬದುಕಿದ್ದರೆ ಒಂದು ಮಾತು ಕೇಳುವುದು ಮರ್ಯಾದೆ. ಕ್ರೀಡಾ ದಿನದ ಪಟ್ಟಿ, ಗ್ರೂಪ್ ಫೋಟೋ ಹಾಕಲೂ ನನಗೆ ಅಳುಕಿಲ್ಲ.

ಆದರೆ ರಿಪೋರ್ಟ್ ಕಾರ್ಡ್? ಅದರಲ್ಲಿ ಮಗುವಿನ ನಡತೆ, ಕಾಯಿಲೆ, ದೌರ್ಬಲ್ಯ ಎಲ್ಲ ಇರಬಹುದು. ತುಂಗಾತೀರ ಅವರ ಅಪ್ಪನದ್ದನ್ನು ಮನೆಯವರು ತೀರ್ಮಾನಿಸಲಿ. ಪತ್ರದಲ್ಲಿ "ಇಂಥವನು ಹಾಸಿಗೆಯಲ್ಲಿ ಅಳುತ್ತಿದ್ದ, ಇಂಥವನಿಗೆ ಏಟು ಬಿತ್ತು" ಅಂತ ಬೇರೆ ಹುಡುಗನ ಹೆಸರಿದ್ದರೆ? ಆ ಹುಡುಗ ಈಗ ಎಂಬತ್ತೈದರ ಅಜ್ಜ, ಮೊಮ್ಮಕ್ಕಳು ಗೂಗಲ್‌ನಲ್ಲಿ ಹುಡುಕುತ್ತಾರೆ. ಅಂಥವನ್ನು ಸ್ಕ್ಯಾನ್ ಮಾಡಿ ಇಡಿ, ಈಗ ಹಾಕಬೇಡಿ, ಯಾವ ವರ್ಷದ ನಂತರ ತೆರೆಯಬಹುದು ಅಂತ ಕಾಗದದಲ್ಲಿ ಬರೆದಿಡಿ. ಒಳ್ಳೆಯ ಆರ್ಕೈವ್‌ಗಳೆಲ್ಲ (ದಾಖಲೆ ಸಂಗ್ರಹಾಲಯಗಳು) ಹೀಗೇ ಮಾಡುತ್ತವೆ. ಹಳ್ಳಿಯಿಂದ ಬಂದ ಚಿಕ್ಕ ಮಕ್ಕಳ ಕಣ್ಣೀರಿನ ವಿಷಯದಲ್ಲಿ ಅವಸರ ಬೇಡ.

ಇನ್ನೊಂದು ವ್ಯತ್ಯಾಸ ಗಮನಿಸಿ. ಮನೆಯಲ್ಲಿರುವುದು ನಿಮ್ಮ ಸ್ವಂತದ್ದು. ಶಾಲೆಯಲ್ಲಿರುವ ದಾಖಲಾತಿ ರಿಜಿಸ್ಟರ್, ಆದೇಶಗಳು ಕೇಂದ್ರ ಸರ್ಕಾರದ ದಾಖಲೆಗಳು, 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಅವಕ್ಕೆ ಅನ್ವಯಿಸುತ್ತದೆ. ಅವುಗಳ ಫೋಟೋ ಹಾಕಬೇಕಾದರೆ ಲಿಖಿತ ಅನುಮತಿ ಬೇಕೇ ಬೇಕು. ಈಗಿನ ಕ್ಯಾಂಪಸ್ಸಿನ ನಕ್ಷೆ, ಗೇಟು, ಕಾವಲಿನ ಚಿತ್ರ ಯಾವುದನ್ನೂ ಸೇರಿಸಬೇಡಿ.

ಮಾದರಿ ಬೇಕಾದರೆ ಬೆಂಗಳೂರಿನ ಎನ್‌ಸಿಬಿಎಸ್ (ಜೀವವಿಜ್ಞಾನದ ಸಂಶೋಧನಾ ಕೇಂದ್ರ) ಆರ್ಕೈವ್ಸ್ ನೋಡಿ. ಅದು ವಿಜ್ಞಾನದ ಇತಿಹಾಸಕ್ಕೆ ಸಂಬಂಧಿಸಿದ್ದು, ನಿಮ್ಮ ವಸ್ತು ಅಲ್ಲಿಗೆ ಸೇರುವುದಿಲ್ಲ. ಆದರೆ ಒಬ್ಬರ ಪೆಟ್ಟಿಗೆಯನ್ನು ಹೇಗೆ ವಿಂಗಡಿಸಿ ವಿವರ ಬರೆಯುತ್ತಾರೆ, ಮಾತಿನ ಧ್ವನಿಮುದ್ರಣವನ್ನು ಹೇಗೆ ಇಡುತ್ತಾರೆ ಅಂತ ಅವರ ಜಾಲತಾಣದಲ್ಲೇ ನೋಡಿ ಕಲಿಯಬಹುದು.

ತುಂಗಾತೀರ:

ತುಂಬಾ ಧನ್ಯವಾದ. ಪತ್ರಗಳನ್ನು ಮತ್ತೆ ಓದಿದೆ, ಬೇರೆಯವರ ಹೆಸರಿರುವ ಕಡೆಗಳು ನಿಜವಾಗಿಯೂ ಇವೆ. ಅವನ್ನು ಬೇರೆ ಲಕೋಟೆಯಲ್ಲಿ ಇಟ್ಟಿದ್ದೇನೆ. ಫೋಟೋಗೆ ನಂಬರ್ ಹಾಕಿ ಅಪ್ಪನ ಇಬ್ಬರು ಸಹಪಾಠಿಗಳಿಗೆ ಕಳಿಸಿದೆ. ಒಬ್ಬರು ಫೋನ್ ಮಾಡಿ ಹಿಂದಿನ ಸಾಲಿನ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಹೆಸರಿನ ಜೊತೆ ಊರು, ಅಡ್ಡಹೆಸರು, ಯಾರು ಹಾಕಿಯಲ್ಲಿ ಗೋಲಿ ಆಗಿದ್ದ ಅನ್ನುವುದೂ ಬಂತು! ಎಲ್ಲ ರೆಕಾರ್ಡ್ ಮಾಡಲು ಅವರ ಒಪ್ಪಿಗೆ ಕೇಳಿದೆ, "ಮಾಡಮ್ಮ, ಬೇಗ ಮಾಡು" ಅಂದರು. ಅವರ ಜೊತೆ ಯಾವ ಭಾಷೆಯಲ್ಲಿ ಮಾತಾಡಿಸಲಿ, ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಕಲಸಿ ಮಾತಾಡುತ್ತಾರೆ.

ಕ್ಯಾಂಪ್_ಬೆಳಗಾವಿ:

ಅವರು ಹೇಗೆ ಮಾತಾಡುತ್ತಾರೋ ಹಾಗೇ ಬಿಡಿ, ಶಾಲೆಯಲ್ಲಿ ಮಾತಾಡುತ್ತಿದ್ದದ್ದೇ ಹಾಗೆ. ಮಧ್ಯೆ ತಿದ್ದಬೇಡಿ. ಒಂದೊಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು, ದಣಿಯುತ್ತಾರೆ. ಫೋಟೋ ಕೈಗೆ ಕೊಟ್ಟು ಕೇಳಿದರೆ ಜಾಸ್ತಿ ನೆನಪಾಗುತ್ತದೆ. ಮತ್ತೆ ದಯವಿಟ್ಟು ಅವರನ್ನು ಕೇಳಿ, 1946–47ರ ಮೊದಲ ಬ್ಯಾಚಿನ ಯಾರಾದರೂ ಸಂಪರ್ಕದಲ್ಲಿದ್ದಾರಾ ಅಂತ. ಅವರಿಗೆಲ್ಲ ತೊಂಬತ್ತರ ಆಸುಪಾಸು. ಇದ್ದರೆ ಮೊದಲು ಅವರದ್ದು ಮುಗಿಸೋಣ, ಉಳಿದ ಸ್ಕ್ಯಾನಿಂಗ್ ಆಮೇಲೆ. ಬೆಳಗಾವಿ ಕಡೆ ಇದ್ದರೆ ನಾನೇ ಹೋಗಿ ಬರುತ್ತೇನೆ.